ದಿಂಬಿನ ಕೆಳಗೆ ಸಿಕ್ಕ ಗ್ಯಾಸ್ ಮಾತ್ರೆ

ಬೆಳಿಗ್ಗೆ 7 ಗಂಟೆಗೆ ವಾರ್ಡಿನಲ್ಲಿ ನಾನೇ ಕೈಗೆ ಕೊಟ್ಟ ಮಾತ್ರೆ. 8 ಗಂಟೆಗೆ ಬೆಡ್‌ಶೀಟ್ ಬದಲಿಸುವಾಗ ಅಜ್ಜಿಯ ದಿಂಬಿನ ಕೆಳಗೆ ಸಿಕ್ಕಿತು. ಪೇಪರ್ ಚೂರಿನಲ್ಲಿ ಜೋಪಾನವಾಗಿ ಮಡಚಿಟ್ಟಿದ್ದರು.

"ಏನಜ್ಜಿ, ನುಂಗಲಿಲ್ವಾ?"

"ಖಾಲಿ ಹೊಟ್ಟೇಲಿ ಮಾತ್ರೆ ತಗೊಂಡ್ರೆ ಸಂಕಟ ಆಯ್ತದೆ ಕಣವ್ವ. ಇಡ್ಲಿ ತಿಂದ್ಮೇಲೆ ನುಂಗೋಣ ಅಂತಿದ್ದೆ."

ಅಜ್ಜಿಯ ತಪ್ಪೇನಿಲ್ಲ. ಮಂಡಿನೋವಿನ ಮಾತ್ರೆಯನ್ನು ಊಟ ಆದ ಮೇಲೆ ತಗೊಳ್ಳಿ ಅಂತ ಹೇಳಿದವರು ನಾವು ನರ್ಸ್‌ಗಳೇ ಅಲ್ವಾ? ಆದರೆ ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಗ್ಯಾಸ್ ಮಾತ್ರೆಗಳು ಅದಕ್ಕೆ ಉಲ್ಟಾ. ಹೊಟ್ಟೆಯ ಒಳಗೋಡೆಯಲ್ಲಿ ಆಸಿಡ್ ಸುರಿಸುವ ಸಣ್ಣ ಪಂಪುಗಳಿವೆ. ಊಟ ಬಿದ್ದಾಗ ಅವು ಜೋರಾಗಿ ಓಡುತ್ತವೆ. ಓಡುತ್ತಿರುವ ಪಂಪನ್ನೇ ಈ ಮಾತ್ರೆ ಹಿಡಿದು ನಿಲ್ಲಿಸುವುದು. ಅಷ್ಟು ಹೊತ್ತಿಗೆ ಔಷಧಿ ರಕ್ತದಲ್ಲಿ ಇರಬೇಕು. ಅದಕ್ಕೇ ತಿಂಡಿಗೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಕೊಡುತ್ತೇವೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮೂಗಿನಿಂದ ಹೊಟ್ಟೆಗೆ ಇಳಿಸುವ ರೈಲ್ಸ್ ಟ್ಯೂಬ್ ಹಾಕಿದ್ದ ರೋಗಿಗೆ ಇದೇ ಮಾತ್ರೆಯನ್ನು ಕುಟ್ಟಿ ಪುಡಿ ಮಾಡಲು ಹೊರಟಿದ್ದೆ. ಸೀನಿಯರ್ ಸಿಸ್ಟರ್ ನನ್ನ ಕೈ ಹಿಡಿದರು. "ಮೇಲಿನ ಕೋಟಿಂಗ್ ನೋಡಮ್ಮ. ಕರುಳು ಮುಟ್ಟೋ ತನಕ ಅದೇ ಮಾತ್ರೆಯನ್ನ ಕಾಯೋದು. ಪುಡಿ ಮಾಡಿದ್ರೆ ಹೊಟ್ಟೆಯ ಆಸಿಡ್ಡೇ ಔಷಧೀನ ಹಾಳು ಮಾಡುತ್ತೆ." ಡಾಕ್ಟರಿಗೆ ಹೇಳಿ ಇಂಜೆಕ್ಷನ್‌ಗೆ ಬದಲಾಯಿಸಿದೆವು. 40 ಮಿಲಿಗ್ರಾಂ ಇಂಜೆಕ್ಷನ್ನಿನ ಪುಡಿ, 10 ಮಿಲಿಲೀಟರ್ ನಾರ್ಮಲ್ ಸಲೈನ್, ಎರಡು ನಿಮಿಷಕ್ಕೆ ಕಡಿಮೆ ಇಲ್ಲದ ಹಾಗೆ ನಿಧಾನವಾಗಿ. ಇವತ್ತಿಗೂ ಗಡಿಯಾರ ನೋಡಿಕೊಂಡೇ ಕೊಡುತ್ತೇನೆ.

ಅಜ್ಜಿ ಸುಸ್ತು ಅಂತ ಅಡ್ಮಿಟ್ ಆಗಿದ್ದರು. ರಕ್ತ ಕಡಿಮೆ ಇತ್ತು. ಗ್ಯಾಸ್ ಮಾತ್ರೆ ಎಷ್ಟು ವರ್ಷದಿಂದ ಅಂತ ಕೇಳಿದೆ. "ಮೊಮ್ಮಗ ಹುಟ್ಟಿದಾಗ್ಲಿಂದ. ಅವನೀಗ ಐದನೇ ಕ್ಲಾಸು." ಹತ್ತು ವರ್ಷ! ಪ್ರತಿ ತಿಂಗಳು ಮೆಡಿಕಲ್ ಶಾಪಿನಲ್ಲಿ ಹಳೇ ಸ್ಟ್ರಿಪ್ ತೋರಿಸಿ ಹೊಸದು ತರುತ್ತಿದ್ದರಂತೆ. ಪಾದ ಜುಮ್ಮೆನ್ನುತ್ತದೆ ಅಂತಲೂ ಹೇಳಿದರು. ಊಟದಲ್ಲಿರುವ ವಿಟಮಿನ್ ಬಿ12 ಬಿಡಿಸಿಕೊಳ್ಳಲು ಆಸಿಡ್ ಬೇಕು, ಕಬ್ಬಿಣದ ಅಂಶ ಹೀರಿಕೊಳ್ಳಲೂ ಬೇಕು. ಬಿ12 ಕಡಿಮೆಯಾದರೆ ರಕ್ತವೂ ಕಡಿಮೆಯಾಗಬಹುದು, ಪಾದವೂ ಜುಮ್ಮೆನ್ನಬಹುದು. ರೌಂಡ್ಸ್‌ಗೆ ಬಂದ ಡಾಕ್ಟರಿಗೆ ಹೇಳಿದೆ. ಟೆಸ್ಟ್ ಮಾಡಿಸಿದಾಗ ಬಿ12 ತುಂಬಾ ಕಡಿಮೆ ಇತ್ತು.

ಆಮೇಲೆ ಹತ್ತಿರ ಕೂತು ದನಿ ತಗ್ಗಿಸಿ ಕೇಳಿದೆ, ಕಕ್ಕಸು ಯಾವ ಬಣ್ಣ ಇರುತ್ತೆ ಅಂತ. ಮಂಡಿನೋವಿನ ಮಾತ್ರೆ ನುಂಗುವವರನ್ನು ಇದನ್ನು ಕೇಳದೆ ಬಿಡಬಾರದು. ನಾಚಿಕೆಗೆ ಅವರಾಗಿ ಹೇಳುವುದಿಲ್ಲ. ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಇದ್ದರೆ ಆ ನೋವಿನ ಮಾತ್ರೆಯಿಂದ ಹೊಟ್ಟೆಯ ಒಳಗೆ ರಕ್ತ ಸೋರುತ್ತಿರಬಹುದು. ಕಬ್ಬಿಣದ ಮಾತ್ರೆಯಿಂದಲೂ ಕಪ್ಪಾಗುತ್ತದೆ. ಅದಕ್ಕೇ ಮೊದಲು ಮಾತ್ರೆಯ ಚೀಲ ಬಿಚ್ಚಿಸಿ ನೋಡುತ್ತೇನೆ. ಅಜ್ಜಿಗೆ ಹಾಗೇನೂ ಇರಲಿಲ್ಲ.

ಇದನ್ನು ಓದಿ ಯಾರೂ ಸುಮ್ನೆ ಮಾತ್ರೆ ನಿಲ್ಲಿಸಬೇಡಿ. ಜಾಸ್ತಿ ದಿನ ತಗೊಂಡವರು ತಟಕ್ಕನೆ ಬಿಟ್ಟರೆ ಉರಿ ಮೊದಲಿಗಿಂತ ಹೆಚ್ಚಾಗಿ ಬರಬಹುದು. ಕೆಲವರಿಗೆ ಅದು ಬೇಕೇ ಬೇಕು. ಅಜ್ಜಿಗೆ ಡಾಕ್ಟರು ನೋವಿನ ಮಾತ್ರೆ ಬದಲಿಸಿ, ಇದನ್ನು ಹಂತ ಹಂತವಾಗಿ ಕಡಿಮೆ ಮಾಡಲು ಬರೆದುಕೊಟ್ಟರು.

ಡಿಸ್ಚಾರ್ಜ್ ದಿನ ಸ್ಟ್ರಿಪ್ ಮೇಲೆ ಏನು ಬರೆಯಲಿ ಅಂತ ಯೋಚಿಸಿದೆ. ಅಜ್ಜಿಗೆ ಓದು ಬರುವುದಿಲ್ಲ. ಮಾರ್ಕರ್ ಪೆನ್ನಿನಲ್ಲಿ ಒಂದು ಖಾಲಿ ತಟ್ಟೆ ಬಿಡಿಸಿದೆ. ಅಜ್ಜಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕಾಫಿ ಕುಡೀಬೋದಾ?"

"ಅರ್ಧ ಗಂಟೆ ಬರೀ ನೀರು ಅಜ್ಜಿ. ಆಮೇಲೆ ಕಾಫಿ."