ಸೀಕ್ವೆಲ್ ಎಷ್ಟು ವರ್ಷಕ್ಕೊಂದು ಬರಬೇಕು? ಕಾರವಾರದ ಕೌಂಟರಿನ ಲೆಕ್ಕ

ಗೇಮ್ ಡಿಸ್ಕು ಮಾರುವ ಅಂಗಡಿಗೆ ಹೊಸ ಸೀಕ್ವೆಲ್ (ಆಟದ ಮುಂದಿನ ಭಾಗ) ಬಂದರೆ ಸುಗ್ಗಿ ಎಂದು ಹೊರಗಿನವರು ಅಂದುಕೊಂಡಿರುತ್ತಾರೆ. ಬಂದ ವಾರ ನಾಲ್ಕು ಡಿಸ್ಕು ಹೋಗುವುದು ನಿಜ. ಆದರೆ ಅದೇ ವಾರ ಕಪಾಟಿನಲ್ಲಿರುವ ಹಳೆಯ ಭಾಗದ ರೇಟು ಕುಸಿದು ಹೋಗಿರುತ್ತದೆ. ಎರಡನ್ನೂ ಕೂಡಿ ಕಳೆದು ನೋಡಿದರೆ, ವರ್ಷಕ್ಕೊಂದು ಬರುವ ಆಟಕ್ಕಿಂತ ಮೂರು ವರ್ಷಕ್ಕೊಂದು ಬರುವ ಆಟವೇ ಕಾರವಾರದಂಥ ಊರಿಗೆ ಹೊಂದುತ್ತದೆ.

ಮೊದಲ ಕಾರಣ ಸೀಸನ್. ಕಂಪನಿಗಳು ದೊಡ್ಡ ಆಟಗಳನ್ನು ಹೆಚ್ಚಾಗಿ ಬಿಡುವುದು ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ. ಅವರ ಕಣ್ಣು ಅಮೆರಿಕ, ಯುರೋಪಿನ ಕ್ರಿಸ್‌ಮಸ್ ಖರೀದಿಯ ಮೇಲೆ. ನಮ್ಮಲ್ಲಿ ಚೌತಿ, ದೀಪಾವಳಿಗೆ ಒಂದಿಷ್ಟು ವ್ಯಾಪಾರ ಉಂಟು, ಅಷ್ಟೆ. ಅಸಲು ಸೀಸನ್ ಪರೀಕ್ಷೆ ಮುಗಿದ ಮೇಲೆ: ಏಪ್ರಿಲ್, ಮೇ. ಕೈಗಾ ಟೌನ್‌ಶಿಪ್ಪಿನವರು, ನೌಕಾನೆಲೆಯ ಕ್ವಾರ್ಟರ್ಸಿನವರು ಮಕ್ಕಳನ್ನು ಕರೆದುಕೊಂಡು ಬರುವುದು ಆಗಲೇ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ. ಬೈತಖೋಲ ಬಂದರಿನಲ್ಲಿ ಬೋಟುಗಳು ಕಟ್ಟಿ ನಿಂತ ಮೇಲೆ ಸೆಕೆಂಡ್ ಹ್ಯಾಂಡ್ ಡಿಸ್ಕು ಕೇಳುವವರು ಬರುತ್ತಾರೆ. ಅಂದರೆ ಆಟ ಹುಟ್ಟಿ ಆರೇಳು ತಿಂಗಳಾದ ಮೇಲೆ ನಮ್ಮ ಗಿರಾಕಿ ಅದರ ಹತ್ತಿರ ಬರುತ್ತಾನೆ.

ಫುಟ್ಬಾಲ್ ಆಟವನ್ನೇ ತೆಗೆದುಕೊಳ್ಳಿ. ಫಿಫಾ 23 ಬಂದದ್ದು 2022ರ ಸೆಪ್ಟೆಂಬರ್ 30ಕ್ಕೆ. ಮರುವರ್ಷ ಹೆಸರು ಬದಲಾಯಿಸಿಕೊಂಡು ಎಫ್‌ಸಿ 24 ಬಂದದ್ದು ಸೆಪ್ಟೆಂಬರ್ 29ಕ್ಕೆ, ಅದರ ಮರುವರ್ಷ ಎಫ್‌ಸಿ 25 ಸೆಪ್ಟೆಂಬರ್ 27ಕ್ಕೆ. ಗಡಿಯಾರ ಇಟ್ಟ ಹಾಗೆ. ಏಪ್ರಿಲ್‌ನಲ್ಲಿ ನಮ್ಮ ಹುಡುಗ ಡಿಸ್ಕು ಕೊಂಡರೆ ಅದಕ್ಕೆ ಉಳಿದ ಆಯುಷ್ಯ ಐದು ತಿಂಗಳು. ಸಾಲದ್ದಕ್ಕೆ ಫಿಫಾ 22 ಅನ್ನು 2022ರ ಮೇ ತಿಂಗಳಲ್ಲಿ, ಎಫ್‌ಸಿ 24 ಅನ್ನು 2024ರ ಮೇ ತಿಂಗಳಲ್ಲಿ ಪಿಎಸ್ ಪ್ಲಸ್ (ಟಿವಿಗೆ ಜೋಡಿಸಿ ಆಡುವ ಸೋನಿಯ ಪ್ಲೇಸ್ಟೇಷನ್, ಅಂದರೆ ಪಿಎಸ್ ಕನ್ಸೋಲಿನ ಚಂದಾ ಸೇವೆ) ಚಂದಾದಾರರಿಗೆ ಹೆಚ್ಚಿನ ದುಡ್ಡಿಲ್ಲದೆ ಕೊಟ್ಟುಬಿಟ್ಟರು. ನಮ್ಮ ಸೀಸನ್ ಏರುವ ಹೊತ್ತಿಗೆ ಸರಿಯಾಗಿ ನಮ್ಮ ಡಿಸ್ಕು ಕೂತುಬಿಡುತ್ತದೆ.

ಹಾಗಾಗಿ ವರ್ಷದ ಆಟಗಳಿಗೆ ಸ್ಟಾಕ್ ನಿಯಮ ಬೇರೆಯೇ ಇರಬೇಕು. ಮುಂಗಡ ಕೊಟ್ಟವರ ಲೆಕ್ಕಕ್ಕೆ ಒಂದೆರಡು ಡಿಸ್ಕು ಸೇರಿಸಿ ತರಿಸಿ, ಅದಕ್ಕಿಂತ ಹೆಚ್ಚು ಬೇಡ. ಡೀಲರ್ ಹತ್ತು ತೆಗೆದುಕೊಂಡರೆ ಸ್ಕೀಮ್ ಉಂಟು ಅನ್ನುತ್ತಾನೆ. ಆ ಸ್ಕೀಮಿನ ಉಳಿತಾಯ ಮಾರ್ಚ್‌ನಲ್ಲಿ ಉಳಿದ ಮೂರು ಡಿಸ್ಕಿನಲ್ಲೇ ಕರಗುತ್ತದೆ. ಎಕ್ಸ್‌ಚೇಂಜಿಗೆ ಬಂದದ್ದನ್ನು ಡಿಸೆಂಬರ್‌ವರೆಗೆ ಹೊಸದರ ಅರ್ಧ ರೇಟಿಗೆ ತೆಗೆದುಕೊಳ್ಳಬಹುದು, ಏಪ್ರಿಲ್‌ನಲ್ಲಿ ಕಾಲುಭಾಗ. ಜುಲೈ ದಾಟಿದ ಮೇಲೆ ಬೇಡವೇ ಬೇಡ ಎನ್ನಿ. ಗಿರಾಕಿ ಮುನಿಸಿಕೊಂಡರೂ ಅಡ್ಡಿಯಿಲ್ಲ. ಕಥೆಯಿರುವ ಆಟಗಳಿಗೆ ಈ ಬಿಗಿ ಬೇಕಿಲ್ಲ. ಅವು ಎರಡನೇ ವರ್ಷವೂ ಮೂರನೇ ಕೈಗೆ ಹೋಗುತ್ತವೆ.

ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳುವಾಗ ಡಿಸ್ಕನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿಯಿರಿ. ನಡುವಿನಿಂದ ಅಂಚಿಗೆ ಹೋದ ಗೀರು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ. ಸುತ್ತು ಬಳಸಿ ಹೋದ ಗೀರು ಕೊಡುತ್ತದೆ, ಯಾಕೆಂದರೆ ಡೇಟಾ ಓಡುವುದೂ ಅದೇ ದಿಕ್ಕಿಗೆ. ಹಳೆ ಸಿಡಿಯ ಹಾಗೆ ಇದನ್ನು ಮೆಷಿನ್ನಿಗೆ ಹಾಕಿ ಉಜ್ಜಿ ಸರಿಮಾಡಲಿಕ್ಕೆ ಆಗುವುದಿಲ್ಲ. ಈಗಿನ ಗೇಮ್ ಡಿಸ್ಕು ಬ್ಲೂ-ರೇ, ಅದರಲ್ಲಿ ಡೇಟಾ ಪದರ ಮೇಲ್ಮೈಯಿಂದ ಬರೀ 0.1 ಮಿ.ಮೀ. ಒಳಗೆ ಇರುತ್ತದೆ. ಮೆನು ತೆರೆದುಕೊಂಡಿತೆಂದು ದುಡ್ಡು ಎಣಿಸಬೇಡಿ. ಆಟ ಡಿಸ್ಕಿನಿಂದ ಕನ್ಸೋಲಿಗೆ ಪೂರ್ತಿ ಕಾಪಿಯಾಗುವವರೆಗೆ ಒಳಗೇ ಬಿಡಿ. ಕೆಟ್ಟ ಡಿಸ್ಕು ನಿಲ್ಲುವುದು ಅರ್ಧ ದಾಟಿದ ಮೇಲೆಯೇ. ಭಟ್ಕಳದ ಕಡೆಯವರು ದುಬೈಯಿಂದ ತಂದ ಡಿಸ್ಕಾದರೆ ಬಾಕ್ಸಿನ ಹಿಂಬದಿಯ ರೀಜನ್ ಗುರುತು (ಯಾವ ದೇಶಗಳಿಗೆಂದು ಮಾಡಿದ್ದು ಎಂಬುದು) ಓದಿ. ಅಮೆರಿಕದ ಡಿಸ್ಕಾಗಿದ್ದರೆ ಭಾರತದ ಅಕೌಂಟಿನಿಂದ ಕೊಂಡ ಡಿಎಲ್‌ಸಿ (ಆಟಕ್ಕೆ ಆಮೇಲೆ ಸೇರಿಸುವ ಹೆಚ್ಚುವರಿ ಭಾಗ) ಅದಕ್ಕೆ ಕೂಡುವುದಿಲ್ಲ.

ಇನ್ನು ತಯಾರಿಕೆಯ ಕಡೆ. ಬಿಡುಗಡೆ ದಿನ ಮೊದಲೇ ಗಟ್ಟಿಯಾದರೆ ಕತ್ತರಿ ಬೀಳುವುದು ಕೊನೆಯ ಹಂತಕ್ಕೆ, ಅಂದರೆ ಬಗ್ (ಪ್ರೋಗ್ರಾಮಿನ ತಪ್ಪು) ಹುಡುಕಿ ಸರಿಪಡಿಸುವ ತಿಂಗಳುಗಳಿಗೆ. ಕಥೆ, ಮ್ಯಾಪು, ಪಾತ್ರಗಳ ಕೆಲಸ ತಡವಾದರೆ ಆ ತಡವೆಲ್ಲ ಬಂದು ಬೀಳುವುದು ಅಲ್ಲಿಗೇ. ಸೋನಿ, ಮೈಕ್ರೋಸಾಫ್ಟ್‌ನವರ ಸರ್ಟಿಫಿಕೇಷನ್ ಮುಗಿಯಬೇಕು, ಡಿಸ್ಕು ಅಚ್ಚಾಗಿ ಊರೂರಿಗೆ ಹೋಗಬೇಕು. ಅದಕ್ಕೆಲ್ಲ ವಾರಗಳು ಬೇಕು. ಹಾಗಾಗಿ ಡಿಸ್ಕಿನಲ್ಲಿರುವುದು ಹಳೆಯ ಪ್ರತಿ, ಉಳಿದದ್ದು ಮೊದಲ ದಿನದ ಪ್ಯಾಚ್, ಅಂದರೆ ನೆಟ್ಟಿನಿಂದ ಇಳಿಸಿಕೊಳ್ಳುವ ತಿದ್ದುಪಡಿ. ಅಸ್ಯಾಸಿನ್ಸ್ ಕ್ರೀಡ್ 2009ರಿಂದ 2015ರವರೆಗೆ ವರ್ಷ ತಪ್ಪದೆ ಬಂತು. 2014ರ ಯೂನಿಟಿ ಬಗ್ಗುಗಳಿಂದಲೇ ಹೆಸರಾಯಿತು. ಕಂಪನಿ ಕ್ಷಮೆ ಕೇಳಿ ಹೆಚ್ಚುವರಿ ಭಾಗವನ್ನು ಬಿಟ್ಟಿಯಾಗಿ ಕೊಟ್ಟಿತು. 2016ರಲ್ಲಿ ದೊಡ್ಡ ಭಾಗ ಬಿಡದೆ 2017ರ ಅಕ್ಟೋಬರ್‌ನಲ್ಲಿ ಒರಿಜಿನ್ಸ್ ಬಿಟ್ಟರು. ಅಂತರ ಬಿಟ್ಟದ್ದರ ಗುಣ ಆಟದಲ್ಲಿ ಕಾಣುತ್ತದೆ.

ಕಾಲ್ ಆಫ್ ಡ್ಯೂಟಿ 2005ರಿಂದ ಪ್ರತಿ ವರ್ಷ ಬರುತ್ತಿದೆಯಲ್ಲ ಎಂದು ಕೇಳುವವರುಂಟು. ಅದು ಒಂದೇ ತಂಡದ ಕೆಲಸವಲ್ಲ. ಮೊದಲು ಇನ್ಫಿನಿಟಿ ವಾರ್ಡ್, ಟ್ರೇಯಾರ್ಕ್ ಎರಡೂ ಪಾಳಿ ಹಾಕಿಕೊಂಡಿದ್ದವು, 2014ರಿಂದ ಸ್ಲೆಡ್ಜ್‌ಹ್ಯಾಮರ್ ಮೂರನೆಯದಾಗಿ ಸೇರಿತು. ಗಿರಾಕಿಗೆ ವರ್ಷಕ್ಕೊಂದು, ತಂಡಕ್ಕೆ ಮೂರು ವರ್ಷಕ್ಕೊಂದು. ಪಾಳಿ ಹಾಕುವಷ್ಟು ತಂಡಗಳಿಲ್ಲದವರು ಇದನ್ನು ನಕಲು ಮಾಡಲು ಹೋಗಬಾರದು. ಹಳೆಯ ಎಂಜಿನ್ನು (ಆಟವನ್ನು ಓಡಿಸುವ ಮೂಲ ಸಾಫ್ಟ್‌ವೇರ್), ಪಾತ್ರಗಳನ್ನು ಮತ್ತೆ ಬಳಸಿ ಬೇಗ ಮುಗಿಸುವ ದಾರಿ ಇನ್ನೊಂದು. ಜೆಲ್ಡಾದ ಒಕರಿನಾ ಆಫ್ ಟೈಮ್ 1998ರ ನವೆಂಬರ್‌ನಲ್ಲಿ ಬಂದರೆ, ಅದರದ್ದೇ ಸಾಮಾನು ಬಳಸಿದ ಮೆಜೋರಾಸ್ ಮಾಸ್ಕ್ 2000ದ ಏಪ್ರಿಲ್‌ಗೆ ಸಿದ್ಧ. ಆದರೆ ಹಳೆ ಸಾಮಾನು ಇದ್ದ ಮಾತ್ರಕ್ಕೆ ಬೇಗ ಆಗಬೇಕೆಂದಿಲ್ಲ: 2017ರ ಬ್ರೆತ್ ಆಫ್ ದಿ ವೈಲ್ಡ್‌ನ ಮ್ಯಾಪನ್ನೇ ಇಟ್ಟುಕೊಂಡ ಟಿಯರ್ಸ್ ಆಫ್ ದಿ ಕಿಂಗ್ಡಮ್ ಬಂದದ್ದು 2023ರ ಮೇ ತಿಂಗಳಲ್ಲಿ.

ಅತಿಯಾದರೆ ಏನಾಗುತ್ತದೆ ಎಂಬುದಕ್ಕೆ ಗಿಟಾರ್ ಹೀರೋ ಸಾಕು. 2005ರಲ್ಲಿ ಶುರುವಾದ ಸರಣಿ, 2009ರ ಒಂದೇ ವರ್ಷದಲ್ಲಿ ಅದೇ ಹೆಸರಿನಲ್ಲಿ ಹಲವು ಡಿಸ್ಕು. 2011ರ ಫೆಬ್ರವರಿಯಲ್ಲಿ ಆ ವಿಭಾಗಕ್ಕೇ ಬೀಗ ಬಿತ್ತು.

ತಡವಾದರೆ ಅಂಗಡಿಗೆ ನಷ್ಟವಿಲ್ಲ. ಜಿಟಿಎ 5 ಪಿಎಸ್3ಕ್ಕೆ 2013ರಲ್ಲಿ, ಪಿಎಸ್4ಕ್ಕೆ 2014ರಲ್ಲಿ, ಪಿಎಸ್5ಕ್ಕೆ 2022ರಲ್ಲಿ ಬಂತು. ಜಗತ್ತಿನಲ್ಲಿ 20 ಕೋಟಿಗೂ ಹೆಚ್ಚು ಪ್ರತಿ ಮಾರಿದೆ, ಈಗಲೂ ಹೋಗುತ್ತದೆ. ಕ್ರಿಕೆಟ್‌ನಲ್ಲಂತೂ ಇಎ ಕಂಪನಿಯ ಕ್ರಿಕೆಟ್ 07 ಆದ ಮೇಲೆ ಮುಂದಿನ ಭಾಗವೇ ಇಲ್ಲ. ಆದರೂ ಅಭಿಮಾನಿಗಳೇ ಹೊಸ ತಂಡ, ಹೊಸ ಜೆರ್ಸಿಯ ಪ್ಯಾಚ್ ಮಾಡಿಕೊಂಡು ಹಳೆ ಪಿಸಿಯಲ್ಲಿ ಆಡುತ್ತಲೇ ಇದ್ದಾರೆ. ಬೇರೆ ಕಂಪನಿಯ ಕ್ರಿಕೆಟ್ 19, 22, 24ರ ನಡುವೆ ಸುಮಾರು ಎರಡೆರಡು ವರ್ಷದ ಅಂತರ. ಆಟದ ಮೈದಾನ, ಬ್ಯಾಟಿಂಗ್ ಬದಲಾಗಲಿಕ್ಕೆ ಅಷ್ಟು ಬೇಕೇ ಬೇಕು. ಬರೀ ಆಟಗಾರರ ಪಟ್ಟಿ ಬದಲಾಗುವುದಾದರೆ ಅದಕ್ಕೆ ಡಿಸ್ಕು ಯಾಕೆ, ಒಂದು ಅಪ್‌ಡೇಟ್ ಸಾಕು. ಫುಟ್ಬಾಲಿನವರೂ ಹೀಗೇ ಮಾಡಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇಗ ಬೇಗ ಬರುವ ಭಾಗಗಳ ಇನ್ನೊಂದು ಕಿರಿಕಿರಿ ಜಾಗ ಮತ್ತು ನೆಟ್ಟು. ಮೊದಲ ಪಿಎಸ್5ರಲ್ಲಿ 825 ಜಿಬಿ ಎಂದಿದ್ದರೂ ಕೈಗೆ ಸಿಗುವುದು ಸುಮಾರು 667. 100 ಜಿಬಿಯ ಆಟ 40 ಎಂಬಿಪಿಎಸ್ ಲೈನಿನಲ್ಲಿ ಇಳಿಯಲು ಐದೂವರೆ ಗಂಟೆ, ಅದೂ ನಡುವೆ ಕರೆಂಟು ಹೋಗದಿದ್ದರೆ. ಕಾಲ್ ಆಫ್ ಡ್ಯೂಟಿಯ 2022ರ ಭಾಗವಾದ ಮಾಡರ್ನ್ ವಾರ್‌ಫೇರ್ 2ರ ಪಿಎಸ್5 ಡಿಸ್ಕಿನಲ್ಲಿ ಇದ್ದದ್ದು ನೂರು ಎಂಬಿಗೂ ಕಡಿಮೆ, ಉಳಿದದ್ದೆಲ್ಲ ಡೌನ್‌ಲೋಡ್. ಘಟ್ಟದ ಮೇಲೆ ಯಲ್ಲಾಪುರ, ಸಿದ್ದಾಪುರದ ಹಳ್ಳಿಗಳಿಂದ ಬಂದವರಿಗೆ ಇದನ್ನು ಬಿಲ್ ಹಾಕುವ ಮೊದಲೇ ಹೇಳಿಬಿಡಿ. ಮಳೆಗಾಲದಲ್ಲಿ ಲೈನು ತುಂಡಾದಾಗ ಡಿಸ್ಕು ಇದ್ದೂ ಆಟ ಇಲ್ಲ ಎಂದು ವಾಪಸ್ ತರುವವರು ಇವರೇ.

ಘೋಷಣೆಯಾದ ದಿನವನ್ನು ನಂಬಿ ದುಡ್ಡು ಹಿಡಿಯಲೂಬಾರದು. ಜಿಟಿಎ 6 ಮೊದಲು 2025 ಎಂದಿತ್ತು, ಆಮೇಲೆ 2026ರ ಮೇ 26, ಆಮೇಲೆ ಅದೇ ವರ್ಷದ ನವೆಂಬರ್ 19. ಇಂಥದ್ದಕ್ಕೆ ಗಿರಾಕಿಯ ಹೆಸರು, ಫೋನ್ ನಂಬರ್ ಮಾತ್ರ ಬರೆದಿಟ್ಟುಕೊಳ್ಳಿ. ಡೀಲರ್ ಇನ್‌ವಾಯ್ಸ್ ಕಳಿಸಿದ ಮೇಲೆಯೇ ಅಡ್ವಾನ್ಸ್.