ಕೈ ಎತ್ತೋದೇ ಬಿಟ್ಟಿದ್ದೀನಲ್ಲ

"ನೋವೇನಿಲ್ಲ ಕಣಮ್ಮ. ಕೈ ಎತ್ತೋದೇ ಬಿಟ್ಟಿದ್ದೀನಲ್ಲ!"

ಮಂಗಳವಾರ ಬೆಳಗಿನ ಜಾವ ಕೇಳಿದ ಮಾತು. ಇವತ್ತಿಗೂ ಕಿವಿ ಬಿಟ್ಟು ಹೋಗಿಲ್ಲ.

ಹಿಂದಿನ ರಾತ್ರಿ ಆ ಅಮ್ಮನನ್ನು ವಾರ್ಡಿಗೆ ದಾಖಲು ಮಾಡಿಕೊಂಡ ನರ್ಸ್ ನಾನೇ. ಸಕ್ಕರೆ ಏರಿತ್ತು, ಪಾದದಲ್ಲಿ ಗಾಯ. ಅಡ್ಮಿಷನ್ ಫಾರಂ ತುಂಬುತ್ತಾ ಬಂದೆ. ಉಸಿರು, ಎದೆ, ಚರ್ಮ, ಆಮೇಲೆ ಮೂಳೆ-ಕೀಲು-ಸ್ನಾಯು. ಆ ಕಾಲಂ ಬಂದಾಗ ನಮ್ಮ ಪೆನ್ನಿನ ವೇಗ ಜಾಸ್ತಿಯಾಗುತ್ತೆ, ಸುಳ್ಳು ಯಾಕೆ ಹೇಳಲಿ.

"ಕೈಕಾಲು ಆಡಿಸ್ತೀರಾ ಅಮ್ಮ?" ಮಲಗಿದ್ದಲ್ಲೇ ಪಾದ ಆಡಿಸಿದರು, ಬೆರಳು ಮಡಚಿ ಬಿಡಿಸಿದರು. "ಎಲ್ಲಾದರೂ ನೋವು?" ಅವರು ಬಾಯಿ ತೆರೆಯುವ ಮೊದಲೇ ಮಗ ಹೇಳಿದ, "ಅದೆಲ್ಲ ಏನಿಲ್ಲ ಸಿಸ್ಟರ್, ಅಮ್ಮ ಗಟ್ಟಿಮುಟ್ಟು." ಅವರೂ ತಲೆಯಾಡಿಸಿದರು. ನೋವು: 0. ಕೀಲುಗಳ ಚಲನೆ: ನಾರ್ಮಲ್. ಸಹಿ.

ರಾತ್ರಿಯೆಲ್ಲ ಆ ಹಾಸಿಗೆಯಿಂದ ಒಂದು ಸಲವೂ ಬೆಲ್ ಬರಲಿಲ್ಲ. ಪಾಪ, ಎಷ್ಟು ಒಳ್ಳೆ ಪೇಷೆಂಟು ಅಂದುಕೊಂಡೆ. ಐದೂವರೆಗೆ ಹೋಗಿ ನೋಡಿದರೆ ಕಣ್ಣು ಬಿಟ್ಟುಕೊಂಡು ಮಲಗಿದ್ದಾರೆ. ನಾಲ್ಕು ಗಂಟೆಯಿಂದ ಮೂತ್ರ ತಡೆದುಕೊಂಡಿದ್ದರಂತೆ. ನನಗೆ ಸಿಟ್ಟೇ ಬಂತು. "ಬೆಲ್ ಒತ್ತಬಾರದಾ ಅಮ್ಮ?" ಅಂದೆ. "ಅದು ಮೇಲಿದೆಯಲ್ಲ" ಅಂದರು. ಬೆಲ್ಲಿನ ಗುಂಡಿ ಗೋಡೆಯಲ್ಲಿ, ತಲೆಗಿಂತ ಮೇಲೆ, ಬಲಗಡೆ. ಎಡಗೈಗೆ ಡ್ರಿಪ್. "ಬಲಗೈ ನೋವಾ?" ಅಂತ ಕೇಳಿದ್ದಕ್ಕೆ ಬಂದ ಉತ್ತರವೇ ಮೊದಲು ಹೇಳಿದ ಆ ಮಾತು. ನಗುತ್ತಾ ಹೇಳಿದರು. ತೊಂದರೆಗೆ ಉಪಾಯ ಕಂಡುಕೊಂಡಿದ್ದೀನಿ ನೋಡು ಅನ್ನೋ ಹಾಗೆ.

ಟಾಯ್ಲೆಟ್ಟಿಗೆ ಕರೆದುಕೊಂಡು ಹೋಗಿ ಬಂದ ಮೇಲೆ, ಹಿಂದಿನ ರಾತ್ರಿ ಮಾಡಬೇಕಿದ್ದ ಕೆಲಸ ಮಾಡಿದೆ. ಹಾಸಿಗೆಯ ಅಂಚಿಗೆ ಕೂರಿಸಿ ಎರಡೂ ಭುಜ ಒಟ್ಟಿಗೆ ನೋಡಿದೆ. ಒಂದನ್ನೇ ನೋಡಿದರೆ ಏನೂ ಗೊತ್ತಾಗಲ್ಲ, ಇನ್ನೊಂದೇ ಅದಕ್ಕೆ ಅಳತೆಗೋಲು. ಬಲಭುಜದ ಮಾಂಸ ಸ್ವಲ್ಪ ಇಳಿದಿತ್ತು. ಎರಡೂ ಕೈ ಪಕ್ಕದಿಂದ ಮೇಲೆತ್ತಿ ಅಂದೆ. ಎಡಗೈ, ಡ್ರಿಪ್ಪಿನ ಟ್ಯೂಬ್ ಸಮೇತ, ಕಿವಿಯ ಪಕ್ಕಕ್ಕೆ ಹೋಯಿತು. ಬಲಗೈ ಭುಜದ ಮಟ್ಟಕ್ಕೂ ಬರಲಿಲ್ಲ. ಕೈಯ ಬದಲು ಭುಜವೇ ಕಿವಿಯ ಕಡೆ ಏರಿತು, ಮೈ ಎಡಕ್ಕೆ ವಾಲಿತು. ಆಮೇಲೆ ನಾನೇ ಕೈಗೆ ಆಸರೆ ಕೊಟ್ಟು ಮೆಲ್ಲಗೆ ಎತ್ತಿದೆ. ಅದೇ ಜಾಗದಲ್ಲಿ ನಿಂತಿತು, ಚಿಲಕ ಹಾಕಿದ ಹಾಗೆ. ಅವರ ಮುಖ ಕಿವುಚಿತು.

ಇದೇ ಮುಖ್ಯ. ಅವರಿಂದ ಆಗದೆ ನನ್ನಿಂದ ಆಗಿದ್ದರೆ ಸ್ನಾಯುವಿನದೋ ನರದ್ದೋ ತೊಂದರೆ ಅಂತ ಯೋಚಿಸಬಹುದಿತ್ತು. ಇಬ್ಬರಿಂದಲೂ ಆಗದಿದ್ದರೆ ಕೀಲೇ ಬಿಗಿದಿರಬೇಕು. ಮೊಣಕೈ ಪಕ್ಕೆಗೆ ಅಂಟಿಸಿ ಮುಂಗೈ ಹೊರಗೆ ತಿರುಗಿಸಿ ಅಂದಾಗ ಬಲಗಡೆ ಅಲುಗಾಡಿದ್ದೇ ಕಷ್ಟ. ತಮಾಷೆ ಅಂದರೆ, ಇದ್ದಷ್ಟು ಜಾಗದಲ್ಲಿ ನನ್ನ ಕೈಯನ್ನು ತಳ್ಳಿ ಅಂದರೆ ಜೋರಾಗಿಯೇ ತಳ್ಳಿದರು. ಸ್ನಾಯು ಬಲಕ್ಕೆ 0ಯಿಂದ 5ರವರೆಗೆ ಅಂಕ ಕೊಡುತ್ತೇವೆ, 4 ಕೊಡಲು ಅಡ್ಡಿಯಿರಲಿಲ್ಲ. ಬಲ ಇದೆ, ಜಾಗ ಇಲ್ಲ. ರೌಂಡ್ಸಿಗೆ ಬಂದ ಡಾಕ್ಟರು ಫ್ರೋಜನ್ ಶೋಲ್ಡರ್ ಅಂದರು, ಭುಜದ ಕೀಲು ಬಿಗಿದುಕೊಳ್ಳೋ ತೊಂದರೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಜಾಸ್ತಿ. ಗೊತ್ತಿದ್ದೂ ನಾನು ನೋಡಿರಲಿಲ್ಲ.

ಮೂಳೆ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವರ ವಿಷಯದಲ್ಲಿ ನಾವ್ಯಾರೂ ಹೀಗೆ ಮೈಮರೆಯಲ್ಲ. ಬೆರಳಿನ ಬಣ್ಣ, ಬಿಸಿ, ನಾಡಿ, ಸ್ಪರ್ಶ, ಉಗುರು ಒತ್ತಿ ಬಿಟ್ಟರೆ 2-3 ಸೆಕೆಂಡಿನಲ್ಲಿ ಕೆಂಪು ಮರಳುತ್ತಾ, ಎಲ್ಲ ನೋಡುತ್ತೇವೆ. ಮದ್ದಿಗೆ ಬಗ್ಗದ ನೋವಿದ್ದು, ಬೆರಳನ್ನು ನಾವು ಹಿಡಿದು ಚಾಚಿಸಿದಾಗ ಕಿರುಚಿದರೆ, ನಾಡಿ ಸಿಕ್ಕರೂ ಡಾಕ್ಟರಿಗೆ ಓಡುತ್ತೇವೆ. ಅಲ್ಲಿ ನೋವು ತಾನೇ ಕೂಗುತ್ತೆ. ಈ ಅಮ್ಮನ ನೋವನ್ನು ಅವರೇ ಬಾಯಿ ಮುಚ್ಚಿಸಿ ಕೂರಿಸಿದ್ದರು.

ಹೇಗೆ ಅಂತೀರಾ? ಮೇಲಿನ ಶೆಲ್ಫಿನ ಡಬ್ಬಗಳೆಲ್ಲ ಕೆಳಗೆ ಬಂದಿವೆ. ಮುಂದೆ ಗುಂಡಿ ಇರುವ ಬಟ್ಟೆ ಮಾತ್ರ. ಚಿಕ್ಕದಾಗಿ ಕತ್ತರಿಸಿದ ಕೂದಲನ್ನು ನೋಡಿ ರಾತ್ರಿ "ಎಷ್ಟು ಚೆನ್ನಾಗಿ ಒಪ್ಪುತ್ತೆ ಅಮ್ಮ" ಅಂತ ಬೇರೆ ಹೇಳಿದ್ದೆ. "ಬಾಚೋಕೆ ಕೈ ಹೋಗ್ತಿರಲಿಲ್ಲ, ಅದಕ್ಕೇ" ಅಂದರು.

ಮಗ ಬಂದವನು ಅಮ್ಮನ ಮೇಲೇ ರೇಗಿದ, "ಹೇಳೋಕೇನಾಗಿತ್ತು ನಿಂಗೆ?" ಕೆಟ್ಟವನಲ್ಲ. ಮಾತ್ರೆಗಳ ಹೆಸರೆಲ್ಲ ಬಾಯಿಪಾಠ ಇರುವ ಮಗ. ಆದರೆ ಕೇಳಿದ ಪ್ರತಿ ಪ್ರಶ್ನೆಗೂ ತಾನೇ ಉತ್ತರ ಕೊಡುವವನಿಗೆ ಯಾರು ಏನು ಹೇಳಬೇಕು? ಅವನ ಉತ್ತರವನ್ನೇ ಬರೆದುಕೊಂಡ ನಾನೂ ಕಡಿಮೆಯವಳಲ್ಲ. ರೋಗಿ ಬಾಗಿಲಲ್ಲಿ ಕಾಲಿಟ್ಟಾಗಲೇ ಪರೀಕ್ಷೆ ಶುರು, ಹೇಗೆ ನಡೀತಾರೆ, ಹೇಗೆ ಕೂತು ಏಳ್ತಾರೆ ನೋಡಿ ಅಂತ ಸ್ಟೂಡೆಂಟುಗಳಿಗೆ ಹೇಳಿಕೊಡುವವಳು ನಾನು!

ಬುಧವಾರದಿಂದ "ನೋವಿದೆಯಾ" ಜೊತೆಗೆ ಇನ್ನೊಂದು ಪ್ರಶ್ನೆ ಸೇರಿಸಿದ್ದೇನೆ: "ಮೊದಲು ಮಾಡ್ತಿದ್ದು ಈಗ ಏನೇನು ಬಿಟ್ಟಿದ್ದೀರಿ?" ಒಬ್ಬರು "ಇದೆಲ್ಲ ಯಾಕೆ ನಿಮಗೆ" ಅಂದರು. ಇನ್ನೊಬ್ಬರು ತುಂಬಾ ಹೊತ್ತು ಯೋಚಿಸಿ, ಮಹಡಿ ಮೇಲಿನ ಕೋಣೆಗೆ ಹೋಗಿ ಎರಡು ವರ್ಷವಾಯಿತು ಅಂದರು. ನನ್ನನ್ನೂ ಕೇಳಿಕೊಂಡೆ. ಒಂದು ಮಹಡಿಗೂ ಲಿಫ್ಟ್ ಯಾವತ್ತಿನಿಂದ ಹಿಡಿದೆ ಅಂತ ನೆನಪಾಗಲಿಲ್ಲ.

ಅವರ ಹಾಸಿಗೆ ಬದಲಾಯಿಸಿದ್ದೇವೆ. ಈಗ ಬೆಲ್ ಎಡಗಡೆ, ಡ್ರಿಪ್ಪೂ ತೆಗೆದಾಗಿದೆ. ಫಾರಂ ತಿದ್ದಿದೆ. ತಪ್ಪನ್ನು ಅಳಿಸೋ ಹಾಗಿಲ್ಲ, ಒಂದೇ ಗೆರೆ ಎಳೆದು ಪಕ್ಕದಲ್ಲಿ ಹೊಸದಾಗಿ ಬರೆದು, ಸಮಯ ಹಾಕಿ ಸಹಿ ಮಾಡಬೇಕು. ಹಾಗಾಗಿ ಗೆರೆಯ ಕೆಳಗೆ ಆ ಸೊನ್ನೆ ಇನ್ನೂ ಚೆನ್ನಾಗಿ ಕಾಣಿಸುತ್ತೆ.