ಉರಿಯೂ ಉಂಟು, ಊತವೂ ಉಂಟು

2018ರ ಮಳೆಗಾಲದಲ್ಲಿ ಅಮ್ಮನಿಗೆ ಬೆಳಿಗ್ಗೆ ಹೆರೆಮಣೆಯ ಮುಂದೆ ಕೂತು ಕಾಯಿ ಹಿಡಿಯಲಿಕ್ಕೇ ಆಗುತ್ತಿರಲಿಲ್ಲ. ಎರಡೂ ಕೈಯ ಬೆರಳಿನ ಗಂಟುಗಳು ದಪ್ಪ, ಮುಟ್ಟಿದರೆ ಬಿಸಿ. "ನನ್ನ ಕೈ ನನ್ನ ಮಾತು ಕೇಳಬೇಕಾದ್ರೆ ಹತ್ತು ಗಂಟೆ ಆಗ್ಬೇಕು" ಅನ್ನುತ್ತಿದ್ದಳು. ಕೇರಳದ ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮ ಮನೆ, ಅಡಿಕೆ ತೋಟ. ಅಡಿಕೆ ಸುಲಿದು ಸುಲಿದು ಹೀಗಾಗಿದೆ ಅಂತ ಅಪ್ಪ, ಹಿಂದೆ ಬಂದಿದ್ದ ಚಿಕುನ್‌ಗುನ್ಯಾದ ನೋವು ಮತ್ತೆ ಎದ್ದಿದೆ ಅಂತ ದೊಡ್ಡಮ್ಮ. ನಾನು ಬೆಂಗಳೂರಲ್ಲಿ ಕೂತು ಫೋನಲ್ಲಿ "ನೋವಿನ ಗುಳಿಗೆ ತಗೊ" ಅಂದವನು. ಅಷ್ಟೇ ನನ್ನ ಕೊಡುಗೆ.

ಅಮ್ಮನ ಗಂಟುಗಳಲ್ಲಿದ್ದದ್ದರ ಹೆಸರು ಉರಿಯೂತ. ಈ ಪದವನ್ನು ಒಮ್ಮೆ ಬಿಡಿಸಿ ನೋಡಿ, ಉರಿಯೂ ಉಂಟು ಊತವೂ ಉಂಟು. ಸುಮಾರು 2000 ವರ್ಷಗಳ ಹಿಂದೆ ರೋಮಿನ ಸೆಲ್ಸಸ್ ಅನ್ನುವ ಲೇಖಕ ಇದಕ್ಕೆ ನಾಲ್ಕು ಗುರುತು ಬರೆದಿಟ್ಟಿದ್ದ: ಕೆಂಪಾಗುವುದು, ಬಿಸಿಯಾಗುವುದು, ಊದುವುದು, ನೋಯುವುದು. ನಾಲ್ಕರಲ್ಲಿ ಎರಡನ್ನು ನಮ್ಮ ಪದವೇ ಹೇಳಿಬಿಡುತ್ತದೆ. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ನರ್ಸುಗಳು ಮಲಯಾಳದಲ್ಲಿ "ನೀರ್‌ಕೆಟ್ಟು" ಅನ್ನುತ್ತಾರಲ್ವಾ, ಅದರಲ್ಲಿ ನೀರು ಉಂಟು, ಉರಿ ಇಲ್ಲ. ಈ ವಿಷಯದಲ್ಲಿ ಕನ್ನಡವೇ ಗೆದ್ದಿತು ಅಂತ ನನಗೆ ಸುಮ್ನೆ ಒಂದು ಖುಷಿ.

ಉರಿಯೂತ ರೋಗವಲ್ಲ. ಕಾಲಿಗೆ ಮುಳ್ಳು ಹೊಕ್ಕರೆ ಸುತ್ತ ಕೆಂಪಾಗಿ ಊದುತ್ತದಲ್ಲ, ಅದು ದೇಹದ ಕಾವಲಿನ ಕೆಲಸ. ರಕ್ತನಾಳ ಸ್ವಲ್ಪ ಸಡಿಲವಾಗಿ ಬಿಳಿ ರಕ್ತಕಣಗಳು ಆ ಜಾಗಕ್ಕೆ ಇಳಿಯುತ್ತವೆ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಮೆಚ್ನಿಕಾಫ್ ಅನ್ನುವವರು ನಕ್ಷತ್ರಮೀನಿನ ಮರಿಗೆ ನಿಜವಾಗಿಯೂ ಗುಲಾಬಿ ಮುಳ್ಳು ಚುಚ್ಚಿ ಬೆಳಗಿನವರೆಗೆ ಕಾದರು. ಮುಳ್ಳಿನ ಸುತ್ತ ಕಣಗಳು ಮುತ್ತಿಕೊಂಡಿದ್ದವು. 1908ರಲ್ಲಿ ಅವರಿಗೆ ನೊಬೆಲ್ ಬಂತು. ಮುಳ್ಳು ಹೋದ ಮೇಲೆ ಉರಿಯೂತವೂ ಹೋಗಬೇಕು. ಅಮ್ಮನ ಕೈಯಲ್ಲಿ ಮುಳ್ಳೇ ಇರಲಿಲ್ಲ. ಕಾವಲಿಗೆ ಇಟ್ಟ ನಾಯಿ ಮನೆಯವರನ್ನೇ ಕಚ್ಚುತ್ತಿತ್ತು, ಅಷ್ಟೆ.

ಆಗ ಮನೆಗೆ ಪುಡಿ ಬಂತು.

ಯಾರದೋ ಪರಿಚಯದವರು ಮನೆ ಮನೆಗೆ ತಂದುಕೊಡುತ್ತಿದ್ದ ಕಪ್ಪು ಪುಡಿ, ಪ್ಲಾಸ್ಟಿಕ್ ಡಬ್ಬದಲ್ಲಿ. ಚೀಟಿ ಇಲ್ಲ, ಹೆಸರಿಲ್ಲ. "ಬರೀ ಬೇರು ನಾರು, ಸೈಡ್ ಎಫೆಕ್ಟ್ ಇಲ್ಲ." ಮೂರನೇ ದಿನ ಅಮ್ಮ ಅಂಗಳದಲ್ಲಿ ಕೂತು ಅಡಿಕೆ ಸುಲಿದಳು. ಮಾಯ! ಏಳು ತಿಂಗಳು ತಿಂದಳು. ಮುಖ ದುಂಡಗಾಯಿತು, ಮದುವೆ ಮನೆಯಲ್ಲಿ ಎಲ್ಲರೂ "ಈಗ ತುಂಬಿಕೊಂಡಿದ್ದೀರಿ, ಒಳ್ಳೆದಾಯ್ತು" ಅಂದರು, ಕೈ ಬಾಗಿಲಿಗೆ ಸ್ವಲ್ಪ ತಾಗಿದರೂ ನೀಲಿ ಕಲೆ ಬೀಳುತ್ತಿತ್ತು, ಅದನ್ನು ಮಾತ್ರ ಯಾರೂ ಕೇಳಲಿಲ್ಲ. ಒಂದು ಸಲ ಪುಡಿಯವರು ವಾರಗಟ್ಟಲೆ ಬರಲಿಲ್ಲ. ಡಬ್ಬ ಖಾಲಿ. ಮೋಡ ಕವಿಯಿತು ಅಂತ ಅಡಿಕೆ ಬಾಚಲು ಹೋದ ಅಮ್ಮ ಅಂಗಳದಲ್ಲೇ ಬಿದ್ದಳು.

ಮಂಗಳೂರಿನ ಡಾಕ್ಟರರು ಮೊದಲು ಮುಖ ನೋಡಿದರು, ಆಮೇಲೆ ಕೈ. "ಎಂತ ಮದ್ದು ತಿಂತಿದ್ರಿ ಅಮ್ಮಾ? ಡಬ್ಬ ತಂದಿದ್ದೀರಾ?" ಪುಡಿಯನ್ನು ನಾವು ಲ್ಯಾಬಿಗೆ ಕೊಡಲಿಲ್ಲ. ಆದರೆ ರಕ್ತದಲ್ಲಿ ಕಾರ್ಟಿಸೋಲ್ ತಳ ಹಿಡಿದಿತ್ತು, ಸಕ್ಕರೆ ಏರಿತ್ತು. ಅದರಲ್ಲಿ ಸ್ಟೀರಾಯ್ಡ್ ಇತ್ತು ಅನ್ನುವುದರಲ್ಲಿ ಅವರಿಗೆ ಅನುಮಾನ ಇರಲಿಲ್ಲ. ಮೂತ್ರಪಿಂಡದ ತಲೆ ಮೇಲೆ ಸಣ್ಣ ಗ್ರಂಥಿ ಇದೆ, ಅಡ್ರಿನಲ್. ಉರಿಯೂತ ತಗ್ಗಿಸುವ ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸೋಲ್ ಮಾಡುವುದು ಅದರ ಕೆಲಸ. ಹೊರಗಿನಿಂದ ದಿನಾ ಸ್ಟೀರಾಯ್ಡ್ ಬರುತ್ತಿದ್ದರೆ ಅದು ಕೆಲಸ ನಿಲ್ಲಿಸಿ ಮಲಗುತ್ತದೆ. ಒಮ್ಮೆಲೇ ಬಿಟ್ಟರೆ ಬೀಪಿ ಇಳಿದು ಜೀವಕ್ಕೇ ಅಪಾಯ. ಹಾಗಾಗಿ ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಪುಡಿ ತಿನ್ನುತ್ತಿದ್ದರೆ ಹೆದರಿ ಇವತ್ತೇ ನಿಲ್ಲಿಸಬೇಡಿ, ಡಬ್ಬ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ. ಅಮ್ಮನಿಗೂ ಅಳತೆಯ ಸ್ಟೀರಾಯ್ಡ್ ಗುಳಿಗೆಯನ್ನೇ ಕೊಟ್ಟು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿದರು.

ಈ ಮಾಯ ಹೊಸದೇನಲ್ಲ. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ಹೆಂಗಸೊಬ್ಬಳಿಗೆ ಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟಾಗ, ಹಾಸಿಗೆಯಿಂದ ಏಳಲಾಗದವಳು ಕೆಲವೇ ದಿನಗಳಲ್ಲಿ ನಡೆದಾಡಿದ್ದಳು. ಎರಡೇ ವರ್ಷಕ್ಕೆ ನೊಬೆಲ್. ದುಂಡು ಮುಖ, ಸವೆದ ಮೂಳೆ ಇವೆಲ್ಲ ಎಷ್ಟು ದೊಡ್ಡ ತಲೆನೋವು ಅಂತ ಜಗತ್ತಿಗೆ ತಿಳಿದದ್ದು ಆಮೇಲೆ.

ಅಮ್ಮನಿಗಿದ್ದದ್ದೂ ಅದೇ ಸಂಧಿವಾತ, ರುಮಟಾಯ್ಡ್ ಆರ್ಥ್ರೈಟಿಸ್. ಡಾಕ್ಟರರು ಹೇಳಿಕೊಟ್ಟ ಒಂದು ಗುರುತು ನಿಮಗೂ ಇರಲಿ. ಸವೆದ ಮಂಡಿಯ ನೋವು ಕೆಲಸ ಮಾಡಿದಷ್ಟೂ ಜಾಸ್ತಿ, ಬೆಳಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬಿಡುತ್ತದೆ. ಉರಿಯೂತದ್ದು ಒಂದು ಗಂಟೆ ಕಳೆದರೂ ಬಿಡುವುದಿಲ್ಲ, ಕೈಯಾಡಿಸಿದಷ್ಟೂ ಹಗುರ. ಅಮ್ಮನ "ಹತ್ತು ಗಂಟೆ" ಮಾತಿನಲ್ಲೇ ಉತ್ತರ ಇತ್ತು. ನಾನು ಕೇಳಿಸಿಕೊಂಡಿರಲಿಲ್ಲ.

ಈಗ ಅದಕ್ಕೆ ಮೆಥೊಟ್ರೆಕ್ಸೇಟ್ ಅನ್ನುವ ಮದ್ದು. ವಾರಕ್ಕೆ ಒಂದೇ ದಿನ! ಮರೆತು ದಿನಾ ತಿಂದವರ ಪ್ರಾಣವೇ ಹೋಗಿದೆ. ಅದಕ್ಕೇ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪ್ರತಿ ಮಂಗಳವಾರಕ್ಕೆ ಅಮ್ಮ ಕುಂಕುಮದ ಬೊಟ್ಟು ಇಟ್ಟಿದ್ದಾಳೆ. ಫೋಲಿಕ್ ಆಸಿಡ್ ಬೇರೆ ದಿನ. ಆಗಾಗ ಲಿವರ್ ಪರೀಕ್ಷೆ. ಇದು ಮೂರು ದಿನದಲ್ಲಿ ಹಿಡಿಯುವ ಮದ್ದಲ್ಲ, ಆರರಿಂದ ಹನ್ನೆರಡು ವಾರ ಬೇಕು. ಪುಡಿಯ ಮುಂದೆ ಇದು ಸೋಲುವುದು ಇಲ್ಲೇ.

2020ರಲ್ಲಿ ಕೊರೊನಾ ಬಂದು ಮಂಗಳೂರಿಗೆ ಹೋಗುವ ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿದಾಗ ಡಾಕ್ಟರರ ಜೊತೆ ಫೋನಲ್ಲೇ ಮಾತು. ಅದೇ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗದ ಸುದ್ದಿ ಬಂತು. ವೆಂಟಿಲೇಟರ್‌ನಲ್ಲಿದ್ದ ಕೊರೊನಾ ರೋಗಿಗಳಿಗೆ ದಿನಕ್ಕೆ 6 ಮಿಲಿಗ್ರಾಂ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟಾಗ ಸಾವು ಸುಮಾರು ಮೂರನೇ ಒಂದರಷ್ಟು ಇಳಿದಿತ್ತು. ಆಕ್ಸಿಜನ್ ಬೇಡದವರಿಗೆ ಏನೂ ಲಾಭ ಕಾಣಲಿಲ್ಲ. ಅಮ್ಮನನ್ನು ಅಂಗಳದಲ್ಲಿ ಕೆಡವಿದ ಜಾತಿಯದೇ ಮದ್ದು! ಯಾರಿಗೆ, ಯಾವಾಗ, ಎಷ್ಟು ದಿನ ಅಂತ ಬರೆದು ಕೊಟ್ಟರೆ ಅದು ಬೇರೆಯೇ ವಸ್ತು.

ಹೃದಯಕ್ಕೂ ಇದಕ್ಕೂ ನಂಟುಂಟು. ಸಂಧಿವಾತದವರಿಗೆ ಹಾರ್ಟ್ ಅಟ್ಯಾಕ್ ಜಾಸ್ತಿ. 2017ರಲ್ಲಿ ಬಂದ ಒಂದು ದೊಡ್ಡ ಪ್ರಯೋಗದಲ್ಲಿ, ಮೊದಲೇ ಹಾರ್ಟ್ ಅಟ್ಯಾಕ್ ಆಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ, ಕೊಲೆಸ್ಟರಾಲ್ ಮುಟ್ಟದೆ ಬರೀ ಉರಿಯೂತ ತಗ್ಗಿಸುವ ಇಂಜೆಕ್ಷನ್ ನೋಡಿದರು. ಹೃದಯದ ತೊಂದರೆ ಸುಮಾರು 15 ಶೇಕಡಾ ಇಳಿಯಿತು, ಸೋಂಕಿನಿಂದ ಸತ್ತವರು ಸ್ವಲ್ಪ ಹೆಚ್ಚಿದರು. ನಾಯಿಯನ್ನು ಕಟ್ಟಿಹಾಕಿದರೆ ಕಳ್ಳನಿಗೂ ದಾರಿ ಸಲೀಸು.

ಅರಿಶಿನದ ಬಗ್ಗೆ ಕೇಳುತ್ತೀರಿ, ಗೊತ್ತು. ಅದರ ಕರ್ಕ್ಯುಮಿನ್ ಹೊಟ್ಟೆಯಿಂದ ರಕ್ತಕ್ಕೆ ಹತ್ತುವುದೇ ಕಷ್ಟ. ಕಾಳುಮೆಣಸಿನ ಪೈಪರಿನ್ ಸೇರಿಸಿದರೆ ಹೀರಿಕೆ 20 ಪಟ್ಟು ಏರುತ್ತದೆ ಅಂತ 1998ರಲ್ಲಿ ತೋರಿಸಿದವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ. ಆದರೂ ಸಾರಿಗೆ ಹಾಕುವ ಚಿಟಿಕೆ ಅರಿಶಿನದಿಂದ ಇಂಥ ಕಾಯಿಲೆ ನಿಲ್ಲುವುದಿಲ್ಲ. ಸಾರು ಸಾರಾಗಿಯೇ ಚೆನ್ನಾಗಿರುತ್ತದೆ.

ಅಮ್ಮ ಈಗ ಬೆಳಿಗ್ಗೆಯೇ ಕಾಯಿ ಹೆರೆಯುತ್ತಾಳೆ. ಬಲಗೈಯ ಎರಡು ಬೆರಳು ಮಾತ್ರ ಸೊಟ್ಟಗೇ ಉಳಿದವು, ಆ ಏಳು ತಿಂಗಳು ಸುಮ್ನೆ ಕಳೆದದ್ದಕ್ಕೆ. ಮೊನ್ನೆ ದೊಡ್ಡಮ್ಮ ಮಂಡಿ ಹಿಡಿದುಕೊಂಡು ಬಂದು ಮೆಲ್ಲಗೆ ಕೇಳಿದರು, "ಆ ಪುಡಿಯವರ ನಂಬರ್ ಉಂಟಾ ನಿನ್ನ ಹತ್ರ?" ಅಮ್ಮ ಮಾತಾಡಲಿಲ್ಲ. ಬಲಗೈ ಎತ್ತಿ ಅವರ ಮುಂದೆ ಹಿಡಿದಳು.